ಟ್ಯಾಂಕಿಗೆ ಇಳಿಯುವ ಅಂಗಿ

"ಕಾಲೆತ್ಲಾ ಬೋಳಿಮಗ್ನೆ! ಮದ್ವೆಗಂಡಿಗೆ ಉಡ್ಸಿದಂಗೆ ನಾನೇ ಉಡ್ಸ್ಬೇಕಾ ನಿಂಗೆ?"

ಯಾರ್ಡಿನ ಯಜಮಾನ ಸುಧಾಕರ್ ನನ್ನ ತಮ್ಮ ವೇಣುವಿನ ಕಾಲನ್ನು ಹಳದಿ ರಬ್ಬರಿನ ಅಂಗಿಯೊಳಕ್ಕೆ ತುರುಕುತ್ತಿದ್ದ. ಕುತ್ತಿಗೆಯಿಂದ ಪಾದದವರೆಗೆ ಒಂದೇ ತುಂಡು. ಜೊತೆಗೆ ಬೂಟು, ಕೈಗವಸು, ಹಂದಿಮೂತಿಯಂಥ ಮಾಸ್ಕು. ಬಂಗಾರಪೇಟೆಯಿಂದ ರಾಬರ್ಟ್‌ಸನ್‌ಪೇಟೆಗೆ ಹೋಗುವ ರಸ್ತೆಬದಿಯಲ್ಲಿ ಆಸಿಡ್ ಟ್ಯಾಂಕರ್ ತೊಳೆಯುವವರು ನಾವು. ಇಷ್ಟು ವರ್ಷದಲ್ಲಿ ಇಂಥ ಅಂಗಿ ಕಣ್ಣಿಗೆ ಬಿದ್ದದ್ದು ಅವತ್ತೇ ಮೊದಲು. ತಪಾಸಣೆಗೆ ಬಂದ ಸಾಹೇಬರ ಜೀಪಿನಿಂದಲೇ ಅದು ಇಳಿದಿತ್ತು. ಸರ್ಕಾರ ನಮಗೇ ಕಳಿಸಿದೆ ಅಂದುಕೊಂಡು ನಾನು ಸಾಹೇಬರಿಗೆ ಕೈ ಬೇರೆ ಮುಗಿದಿದ್ದೆ.

ವೇಣು ಮಾಸ್ಕು ಮೂಗಿಗಿಟ್ಟವನೇ ಕಿತ್ತು ಹಿಡಿದ. "ಅಕ್ಕಾ, ಇದ್ರಾಗೆ ಯಾವನೋ ವಾಂತಿ ಮಾಡವ್ನೆ."

"ತಿಂಡಿ ಆಗಿಲ್ಲ ಅಂತಿದ್ದಲ್ಲಲಾ, ತಿನ್ನು," ಎಂದು ಸುಧಾಕರ್ ನಕ್ಕ.

ಸೆರಗಿನಿಂದ ಒಳಗೆ ಒರೆಸಿದೆ. ಒಣಗಿದ ಅನ್ನದ ಅಗುಳು ಸೆರಗಿಗೆ ಅಂಟಿ ಬಂದವು.

ಸಾಹೇಬರು ಮೂಗಿಗೆ ಕರ್ಚೀಫು ಒತ್ತಿಕೊಂಡು ಟ್ಯಾಂಕರಿನ ಹಿಂಬದಿಗೆ ಬಂದರು. ಅಪಾಯದ ಗುರುತಿನ ಬೋರ್ಡು ಕೆಸರು ಮೆತ್ತಿಕೊಂಡಿತ್ತು.

"ಏನಮ್ಮ ಇದು? ಉಜ್ಜು. ದಿಲ್ಲಿ ರೂಲ್ಸು. ದೂರದಿಂದ್ಲೇ ಎದ್ದು ಕಾಣ್ಬೇಕು."

ಉಜ್ಜಿದೆ. ಆಸಿಡ್ಡಿಗೆ ನನ್ನ ಉಗುರುಗಳು ಕರಗಿವೆ, ಬೆರಳ ತುದಿಯಲ್ಲಿ ಸದಾ ಕೀವು. ನಾನು ಕಟ್ಟಿದ ಮುದ್ದೆಯನ್ನು ಮನೆಯಲ್ಲಿ ಯಾರೂ ಮುಟ್ಟುವುದಿಲ್ಲ. ಸಾಹೇಬರ ಕಣ್ಣು ಅಲ್ಲಿಗೆ ಬಿತ್ತು.

"ಥೂ! ಸುಧಾಕರ್, ಈಯಮ್ಮನ್ನ ಆಚೆ ನಿಲ್ಸಿ. ಫೋಟೋದಲ್ಲಿ ಕೈ ಬೀಳುತ್ತೆ."

ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಕಕ್ಕಸಿನ ಗೋಡೆಯ ಮರೆಗೆ ಹೋಗಿ ನಿಂತೆ. ಬೋರ್ಡಿನ ಪಕ್ಕ ಹಳದಿ ಅಂಗಿಯ ವೇಣು, ಅವನ ಹೆಗಲಿಗೆ ತಾಗದಂತೆ ಗಾಳಿಯಲ್ಲೇ ಕೈಯಿಟ್ಟ ಸಾಹೇಬರು. ಫೋಟೋ ಆಯಿತು.

"ಬಿಚ್ಚಪ್ಪ, ಬೇಗ. ಕಾಮಸಮುದ್ರದ ಕಡೆ ಇನ್ನೊಂದು ಯಾರ್ಡಿದೆ. ಅಲ್ಲೂ ಇದೇ ಅಂಗಿ ಬೇಕು," ಎಂದರು ಸಾಹೇಬರು.

"ಬಿಚ್ಚಿದ್ರೆ ಟ್ಯಾಂಕಿಗೆ ಎಂಗಿಳೀಲಿ ಸಾಮಿ?" ಎಂದ ವೇಣು.

"ದಿನಾ ಎಂಗಿಳೀತಿದ್ದೆ?" ಸುಧಾಕರ್ ಜಿಪ್ಪಿಗೆ ಕೈ ಹಾಕಿದ. "ನಿಮ್ಮಪ್ಪ ಹೊಲ್ಸಿ ಕೊಟ್ಟಿದ್ನಾ ಅಂಗಿ? ಚಡ್ಡೀಲಿ ಇಳಿಯಲಾ."

ನನ್ನ ಗಂಡ ನರೇಶ್ ಚಡ್ಡಿಯಲ್ಲೇ ಇಳಿದಿದ್ದ. ತಳದ ಗಸಿ ಬಳಿಯುತ್ತಿದ್ದವನು ಅದರ ಮೇಲೇ ಮಕಾಡೆ ಬಿದ್ದ. ಎಳೆದು ಹಾಕಿದಾಗ ಬಾಯಲ್ಲಿ ನೊರೆ. ಈಗ ಆಂಡರ್ಸನ್‌ಪೇಟೆಯ ಮನೆಬಾಗಿಲಲ್ಲಿ ಕೂತು ಕೆಮ್ಮುತ್ತಾನೆ. ಒಂದು ಚೊಂಬು ನೀರು ಎತ್ತಲಾರ.

ಗೋಡೆ ಬಿಟ್ಟು ಬಂದೆ. "ಸಾಮಿ, ನಿಮ್ಮ ರೂಲ್ಸಾಗೆ ನಮ್ಗೇನೂ ಬರ್ದಿಲ್ವಾ?"

"ನೋಡಮ್ಮ, ಗಾಡಿ ರೋಡಲ್ಲಿ ಓಡ್ತಿದ್ರೆ ದಿಲ್ಲೀದು, ನಂದು. ನಿಂತಿರೋ ಗಾಡಿ ಒಳಗೆ ಏನಾದ್ರೂ ಆದ್ರೆ ಅದು ರಾಜ್ಯದ್ದು, ಬೇರೆ ಡಿಪಾರ್ಟ್‌ಮೆಂಟು."

"ಅವ್ರು ಯಾವಾಗ ಬತ್ತಾರೆ?"

"ಕಂಪ್ಲೇಂಟ್ ಕೊಟ್ರೆ ಬರ್ತಾರೆ."

"ಯಾರು ಕೊಡ್ಬೇಕು? ಒಳಗೆ ಸತ್ತೋನಾ?"

"ಬಾಯ್ಮುಚ್ಚೇ ಲೌಡಿ!" ಸುಧಾಕರ್ ನನ್ನ ಕಡೆ ಕೈಯೆತ್ತಿದ. ಅಷ್ಟರಲ್ಲಿ ವೇಣು ಆ ನಾರುವ ಮಾಸ್ಕನ್ನು ಮುಖಕ್ಕೆ ಎಳೆದುಕೊಂಡು ಏಣಿ ಹತ್ತಿಬಿಟ್ಟಿದ್ದ. ಮುಚ್ಚಳದ ಬಳಿ ಒಮ್ಮೆ ತಿರುಗಿ, ಮಾಸ್ಕಿನೊಳಗಿನಿಂದಲೇ ತಮಿಳಲ್ಲಿ, ಹೋಗಲೋ ಅನ್ನುವಂತೆ, "ಪೋಡಾ!" ಅಂದ. ಇಳಿದ.

"ಅಂಗಿ! ಲೇ, ಅಂಗಿ ಆಳಾಯ್ತದೆ ಕಣ್ಲಾ!" ಸುಧಾಕರ್ ಕೂಗಿದ. ವೇಣು ಅಂತ ಒಂದು ಸಲವೂ ಕೂಗಲಿಲ್ಲ.

ನಾನು ಮೇಲೆ ಹತ್ತಿ ಹಗ್ಗ ಕಟ್ಟಿದ ಬಕೆಟ್ಟು ಬಿಟ್ಟೆ. ಕೆಳಗೆ ಸಾಹೇಬರು ಗಡಿಯಾರ ನೋಡಿಕೊಂಡು, "ಹೊರಗೆ ಕರೀರಿ ಅವನನ್ನ, ಅಲ್ಲಿ ಕಾಯ್ತಿದಾರೆ," ಎಂದು ಒದರುತ್ತಿದ್ದರು. ಬಕೆಟ್ಟು ತುಂಬಿ ಮೇಲೆ ಬಂತು. ಹಳದಿ ಗಸಿ, ಕೊಳೆತ ಮೊಟ್ಟೆಯ ನಾತ, ಕಣ್ಣು ಬಿಡಲಾಗದ ಉರಿ.

ಅದನ್ನು ಹೊತ್ತು ಇಳಿದು ನೇರ ಜೀಪಿನ ಬಳಿ ನಡೆದೆ.

"ಅಂಗಿ ಇವತ್ತು ಬರಾಕಿಲ್ಲ ಸಾಮಿ. ಕಾಮಸಮುದ್ರಕ್ಕೆ ಇದನ್ನ ತಗಂಡೋಗಿ. ಪಕ್ಕದಾಗೆ ನಿಂತ್ಕಂಡು ಫೋಟೋ ತೆಗುಸ್ಕಳಿ."

ಬಾನೆಟ್ಟಿನ ಮೇಲೆ ಸುರಿದೆ. ಸಾಹೇಬರು ಕರ್ಚೀಫು ಬಿಸಾಕಿ ಹಿಂದಕ್ಕೆ ಓಡಿದರು. ಸುಧಾಕರ್ ನನ್ನ ಜುಟ್ಟು ಹಿಡಿದ. ಜೀಪಿನ ಬಿಳಿ ಬಣ್ಣ ಗುಳ್ಳೆ ಗುಳ್ಳೆಯಾಗಿ ಏಳುತ್ತಿತ್ತು. ಖಾಲಿ ಬಕೆಟ್ಟಿಗಾಗಿ ವೇಣು ಒಳಗಿನಿಂದ ಟ್ಯಾಂಕನ್ನು ಬಡಿಯುತ್ತಿದ್ದ.