ನಮ್ಮವರಿಗೆ ಅಭ್ಯಾಸವಾಗಿದೆ

ಸೆಮಿಫೈನಲ್ ಶುರುವಾಗುವ ಮೊದಲು ಕೋಚ್ ತನ್ನ ತಂಗಿಯ ಬಲ ಹೆಗಲಿಗೆ ಟೇಪ್ ಸುತ್ತುತ್ತಿದ್ದ. ಅವಳು ಗಾಲಿಕುರ್ಚಿ ಬ್ಯಾಸ್ಕೆಟ್‌ಬಾಲ್ ತಂಡದ ಕ್ಯಾಪ್ಟನ್. ಸೊಂಟದ ಕೆಳಗೆ ಸ್ಪರ್ಶವಿಲ್ಲದವಳಿಗೆ ಹೆಗಲೇ ಕೈ, ಹೆಗಲೇ ಕಾಲು. ಅದಕ್ಕೇ ಅವನು ಟೇಪನ್ನು ಎಳೆದು, ಬೆರಳಿನಿಂದ ಒತ್ತಿ, ಕೈ ಎತ್ತಿಸಿ ನೋಡಿ, ಸರಿಯಿಲ್ಲ ಅನಿಸಿದರೆ ಕಿತ್ತು ಮತ್ತೆ ಸುತ್ತುತ್ತಿದ್ದ. ಉಳುಕಿದ ಬೆರಳಿಗೆ ಪಟ್ಟಿ, ಅಂಗೈಯ ಬೊಬ್ಬೆಗೆ ಮುಲಾಮು ಎಲ್ಲವೂ ಅವನ ಚೀಲದಲ್ಲಿತ್ತು. ಕೂತು ಕೂತು ಚರ್ಮ ಕೆಂಪಾಗಿದೆಯೇ ಎಂದು ಪ್ರತಿ ಆಟದ ನಂತರ ಆಟಗಾರ್ತಿಯರು ಒಬ್ಬರನ್ನೊಬ್ಬರು ನೋಡಿಕೊಳ್ಳಲೇಬೇಕು. ಗಾಯ ಮುಚ್ಚಿಟ್ಟು ಆಡುವವರು ತನ್ನ ತಂಡದಲ್ಲಿಲ್ಲ ಎಂಬುದು ಅವನ ಹೆಮ್ಮೆ.

ನೀರಿನ ಬಾಟಲಿಗಳು ಮಾತ್ರ ಮೂಲೆಯಲ್ಲಿ ಮುಚ್ಚಳ ಬಿಚ್ಚದೆ ನಿಂತಿದ್ದವು. ಪಂದ್ಯವಿರಲಿ, ಬರೀ ಸಂಜೆಯ ತರಬೇತಿಯಿರಲಿ, ಗಂಟೆಗಟ್ಟಲೆ ಮುಂಚಿನಿಂದ ಯಾರೂ ನೀರು ಮುಟ್ಟುತ್ತಿರಲಿಲ್ಲ. ಕ್ರೀಡಾಂಗಣದ ಶೌಚಾಲಯದ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಗಾಲಿಕುರ್ಚಿಯ ಚಿತ್ರ ಬರೆಸಿದ್ದರು. ಬಾಗಿಲು ಮಾತ್ರ ಇಕ್ಕಟ್ಟು. ಆ ಚಿತ್ರ ಒಳಗೆ ಹೋದರೂ ಹೋದೀತು, ಕುರ್ಚಿ ಹೋಗುತ್ತಿರಲಿಲ್ಲ. ಕುಡಿಯದಿದ್ದರೆ ಹೋಗುವ ಪ್ರಶ್ನೆಯೇ ಇಲ್ಲವಲ್ಲ ಎಂದು ಅವರು ತಮ್ಮನ್ನು ತಾವೇ ಒಂಟೆಗಳೆಂದು ಕರೆದುಕೊಂಡು ನಗುತ್ತಿದ್ದರು. ನಗದೆ ಇನ್ನೇನು ಮಾಡಬಹುದಿತ್ತು?

ತಂಡದ ಅತಿ ಹಿರಿಯಳಿಗೆ ಅಜ್ಜಿ ಎಂದು ಅಡ್ಡಹೆಸರು. ಮಗಳಿನ್ನೂ ಶಾಲೆಗೆ ಹೋಗುತ್ತಿರುವ ಅಜ್ಜಿ. ನಾಲಿಗೆ ಅಂಗುಳಕ್ಕೆ ಗೋಂದು ಹಾಕಿದ ಹಾಗೆ ಅಂಟಿಕೊಂಡಿದೆ, ಒಂದು ಗುಟುಕು ಕುಡಿಯಲೇ ಎಂದು ಅವಳು ಕೇಳಿದಳು.

"ಕುಡಿದು ಆಮೇಲೆ ಎಲ್ಲಿಗೆ ಓಡ್ತೀರಿ?" ಎಂದ ಕೋಚ್.

"ಓಡೋ ಹಾಗಿದ್ರೆ ನಿಮ್ಮ ತಂಡಕ್ಕೆ ಯಾಕೆ ಬರ್ತಿದ್ದೆ?"

ಎಲ್ಲರೂ ನಕ್ಕರು. ತಂಗಿ ನಗಲಿಲ್ಲ. ಅವಳ ಕುತ್ತಿಗೆ ಸುಡುತ್ತಿದ್ದದ್ದು ಅವನ ಬೆರಳಿಗೆ ತಿಳಿದಿತ್ತು. ಸೆಕೆ ಇರಬೇಕು ಅಂದುಕೊಂಡ.

ಅಷ್ಟರಲ್ಲಿ ಕ್ರೀಡಾಂಗಣದ ಮ್ಯಾನೇಜರ್ ಒಳಗೆ ಬಂದ. ಶೌಚಾಲಯದ ಬಾಗಿಲಿನ ಬಗ್ಗೆ ಯಾರೋ ದೂರು ಕೊಟ್ಟಿದ್ದಾರೆ ಎಂದ. ಯಾರೆಂದು ಎಲ್ಲರಿಗೂ ಗೊತ್ತಿತ್ತು. ಅಜ್ಜಿ ನೆಲ ನೋಡಿದಳು. ಮ್ಯಾನೇಜರ್ ಕೆಟ್ಟವನಲ್ಲ. ಗಾಲಿಗಳಿಂದ ನೆಲಕ್ಕೆ ಗೀರು ಬೀಳುತ್ತದೆಂದು ಬೇರೆಯವರೆಲ್ಲ ಅಟ್ಟಿದಾಗ ಈ ತಂಡವನ್ನು ಒಳಗೆ ಬಿಟ್ಟುಕೊಂಡವನು ಅವನೊಬ್ಬನೇ.

"ಬಾಗಿಲು ಅಗಲ ಮಾಡ್ಬೇಕಂದ್ರೆ ಗೋಡೆ ಒಡೀಬೇಕು. ಪೈಪೆಲ್ಲ ಅದರೊಳಗೇ ಇರೋದು. ತಿಂಗಳುಗಟ್ಟಲೆ ಮುಚ್ಬೇಕಾಗುತ್ತೆ. ಅಲ್ಲೀವರೆಗೆ ನೀವೆಲ್ಲಿ ಆಡ್ತೀರಿ? ಅದಕ್ಕೇ ಕೇಳ್ತಿದೀನಿ, ನಿಮಗೆ ನಿಜವಾಗ್ಲೂ ತೊಂದರೆ ಆಗ್ತಿದೆಯಾ?"

ಕೋಚ್‌ಗೆ ಕಣ್ಣ ಮುಂದೆ ಬಂದದ್ದು ಬೀಗ ಬಿದ್ದ ಕ್ರೀಡಾಂಗಣ. ಟೇಪಿನ ತುದಿಯನ್ನು ಹಲ್ಲಿನಿಂದ ಕತ್ತರಿಸುತ್ತಾ, "ತೊಂದರೆ ಏನಿಲ್ಲ ಸರ್. ನಮ್ಮವರಿಗೆ ಅಭ್ಯಾಸವಾಗಿದೆ" ಎಂದ.

ಅಜ್ಜಿ ಸೊಂಟದ ಬೆಲ್ಟ್ ಬಿಗಿದುಕೊಂಡಳು.

ಪಂದ್ಯದ ಮೂರನೇ ಕ್ವಾರ್ಟರ್‌ನಲ್ಲಿ ತಂಗಿ ಚೆಂಡನ್ನು ಎದುರಾಳಿಯ ಕೈಗೇ ಕೊಟ್ಟಳು. ಆಮೇಲೆ ಕುರ್ಚಿ ಅಂಕಣದ ನಡುವೆ ನಿಂತೇಬಿಟ್ಟಿತು. ಕೋಚ್ ಬಳಿಗೋಡಿದಾಗ ಅವಳ ಮುಖ ಕೆಂಡವಾಗಿತ್ತು, ಹಣೆಯಲ್ಲಿ ಒಂದು ಹನಿ ಬೆವರಿಲ್ಲ, ಹಲ್ಲು ಕಟಕಟ ನಡುಗುತ್ತಿದ್ದವು. ಹೊದೆಯಲು ಏನಾದರೂ ಕೊಡು ಎಂದಳು.

ಆಸ್ಪತ್ರೆಯ ಡಾಕ್ಟರಮ್ಮ ಮೊದಲು ಹೆಗಲಿನ ಟೇಪ್ ನೋಡಿ ಇದನ್ನು ಹಾಕಿದವರು ಯಾರು ಎಂದು ಕೇಳಿದರು. ನಾನೇ ಎಂದ ಕೋಚ್. ದಿನಕ್ಕೆ ಎಷ್ಟು ನೀರು ಕುಡಿಯುತ್ತಾಳೆ ಎಂದು ಕೇಳಿದಾಗ ಅವನು ತಂಗಿಯ ಕಡೆ ತಿರುಗಿದ. ಮೂತ್ರದ ಸೋಂಕು ಮೂತ್ರಪಿಂಡಕ್ಕೆ ಏರಿದೆ ಎಂದರು ಅವರು. ಬೇರೆಯವರಿಗಾದರೆ ನೋವು ಎಂದೋ ಎಚ್ಚರಿಸುತ್ತಿತ್ತು, ಇವಳಿಗೆ ಆ ಭಾಗದ ನೋವೇ ತಿಳಿಯದು. ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ ಬೆವರೂ ಸರಿಯಾಗಿ ಬರುವುದಿಲ್ಲ, ಅಂಥವರಿಗೆ ನೀರೂ ಇಲ್ಲವೆಂದರೆ ಮೈ ಒಲೆಯಂತಾಗುತ್ತದೆ. ಇದು ಒಂದು ದಿನದಲ್ಲಿ ಆದದ್ದಲ್ಲ, ಒಂದು ಮೂತ್ರಪಿಂಡ ಆಗಲೇ ಬಾಡಿದೆ.

"ಆಡಬಹುದಾ ಡಾಕ್ಟ್ರೇ?"

"ಮೊದಲು ಉಳಿದಿರೋದನ್ನ ಉಳಿಸ್ಕೊಳ್ಳೋಣ. ಆಟದ ಬಗ್ಗೆ ನಾನು ಮಾತು ಕೊಡಲ್ಲ." ಹೆಗಲಿನ ಟೇಪಿನತ್ತ ಮತ್ತೆ ನೋಡಿ ಅವರು ಹೇಳಿದರು: "ಹೊರಗೆ ಕಾಣೋದನ್ನೆಲ್ಲ ಚೆನ್ನಾಗಿ ಕಾಪಾಡಿದ್ದೀರಿ."

ಜ್ವರ ಇಳಿದ ಮೇಲೆ ಅವನು ತಂಗಿಯ ಮಂಚದ ಪಕ್ಕ ಕೂತು, ಕೇಳದಿದ್ದರೂ ಲೋಟ ಲೋಟ ನೀರು ಬಗ್ಗಿಸಿ ಕೊಡುತ್ತಿದ್ದ. ಅವಳು ಕುಡಿಯುತ್ತಿದ್ದಳು.

ಕೊನೆಗೆ ಅವಳೇ ಬಾಯಿಬಿಟ್ಟಳು. "ಅಣ್ಣ, ಅಭ್ಯಾಸವಾಗಿದೆ ಅಂದ್ಯಲ್ಲ. ಯಾರಿಗೆ ಅಭ್ಯಾಸವಾಗಿತ್ತು?"

"ಹಾಲ್ ಕೈತಪ್ಪಿ ಹೋಗುತ್ತೆ ಅಂತ..."

"ಗೊತ್ತು. ನಾನೂ ಅದಕ್ಕೇ ಸುಮ್ಮನಿದ್ದೆ. ಅಜ್ಜಿ ನನ್ನ ಮುಖ ನೋಡಿದ್ರು, ಕ್ಯಾಪ್ಟನ್ ಏನಾದ್ರೂ ಹೇಳ್ತಾಳೇನೋ ಅಂತ." ಅವಳು ಗೋಡೆಯ ಕಡೆ ತಿರುಗಿದಳು. "ನನಗೆ ಬಾಯಾರಿತ್ತು ಅಣ್ಣ. ಪ್ರತಿ ಸಲಾನೂ ಬಾಯಾರ್ತಿತ್ತು."

ಮರುದಿನ ಕೋಚ್ ಮ್ಯಾನೇಜರ್‌ನ ಕೋಣೆಗೆ ಹೋಗಿ, ತಾನು ಹೇಳಿದ್ದು ಸುಳ್ಳು, ಗೋಡೆ ಒಡೆಯಿರಿ, ನಾವು ಬೀದಿಯಲ್ಲಾದರೂ ಆಡುತ್ತೇವೆ ಎಂದ. ಮ್ಯಾನೇಜರ್ ಮರುಗಿದ. ಮೇಲಿನವರಿಗೆ ತಿಳಿಸುತ್ತೇನೆ, ಮುಂದಿನ ವರ್ಷದೊಳಗೆ ಏನಾದರೂ ಮಾಡೋಣ ಎಂದ. ಮುಂದಿನ ವರ್ಷ ಎಂಬ ಮಾತು ಹೇಳುವವರಿಗೆ ಎಷ್ಟು ಹತ್ತಿರ, ಕಾಯುವವರಿಗೆ ಎಷ್ಟು ದೂರ ಎಂದು ಕೋಚ್‌ಗೆ ಮೊದಲ ಸಲ ಅನಿಸಿತು.

ಸೆಮಿಫೈನಲ್‌ನಲ್ಲಿ ಸೋತ ತಂಡಗಳೆರಡೂ ಮೂರನೇ ಸ್ಥಾನಕ್ಕೆ ಆಡಿದ ದಿನ ತಂಗಿ ಇನ್ನೂ ಆಸ್ಪತ್ರೆಯಲ್ಲೇ ಇದ್ದಳು. ಅವನು ಬಾಟಲಿಗಳ ಮುಚ್ಚಳ ತಾನೇ ಬಿಚ್ಚಿ ಕೊಟ್ಟ. ಅಜ್ಜಿ ಅವನನ್ನೇ ನೋಡುತ್ತಾ ಕೊನೆಯ ಹನಿಯವರೆಗೂ ಕುಡಿದಳು. ವಿರಾಮಕ್ಕೆ ಬಂದಾಗ ಹೋಗಬೇಕು ಎಂದಳು. ರಸ್ತೆಯಾಚೆ ಪೆಟ್ರೋಲ್ ಬಂಕಿನಲ್ಲಿ ಅಗಲವಾದ ಬಾಗಿಲಿದೆ, ವಿಚಾರಿಸಿ ಬಂದಿದ್ದೇನೆ ಎಂದಳು. ಹೋಗಿ ಬರುವಷ್ಟು ಹೊತ್ತು ಯಾವ ವಿರಾಮವೂ ಇರುವುದಿಲ್ಲ. ಕೋಚ್ ರೆಫರಿಯ ಬಳಿ ಹೋಗಿ ಸಮಯ ಕೇಳಿದ.

"ಅಂಥ ನಿಯಮ ಇಲ್ಲ. ಹೊತ್ತಿಗೆ ಸರಿಯಾಗಿ ಬರ್ಲಿಲ್ಲ ಅಂದ್ರೆ ಸೋತ್ರಿ ಅಂತ ಬರ್ಕೋಬೇಕಾಗುತ್ತೆ."

"ಬರ್ಕೊಳ್ಳಿ. ಯಾಕೆ ಸೋತ್ವಿ ಅನ್ನೋದನ್ನೂ ಬರ್ಕೊಳ್ಳಿ."

ತಂಡ ಒಬ್ಬರ ಹಿಂದೊಬ್ಬರಾಗಿ ಹೊರಟಿತು. ಪ್ರೇಕ್ಷಕರು ಎದ್ದು ನಿಂತರು. ಗೇಟಿನವರೆಗೆ ಬಂದಾಗ ಹಿಂದೆ ಮತ್ತಷ್ಟು ಗಾಲಿಗಳ ಸದ್ದು ಕೇಳಿ ಕೋಚ್ ತಿರುಗಿದ. ಎದುರಾಳಿ ತಂಡದವರು, ಬೇರೆ ಬಣ್ಣದ ಜೆರ್ಸಿಗಳಲ್ಲಿ, ಅಂಕಣ ಬಿಟ್ಟು ಬರುತ್ತಿದ್ದರು. ಅವರ ಕ್ಯಾಪ್ಟನ್‌ಳ ತುಟಿ ಬಿರುಕು ಬಿಟ್ಟಿತ್ತು.

"ನಾವೂ ನಿನ್ನೆಯಿಂದ ಕುಡಿದಿಲ್ಲ" ಎಂದಳು ಅವಳು. "ನೀರಿದ್ರೆ ಕೊಡಿ."

ಅಜ್ಜಿ ತನ್ನ ಮಡಿಲಲ್ಲಿದ್ದ ಇನ್ನೊಂದು ಬಾಟಲಿಯನ್ನು ಅವಳಿಗೆ ದಾಟಿಸಿದಳು.

ಕೋಚ್ ರಸ್ತೆಯ ನಡುವೆ ನಿಂತು ಎರಡೂ ಕೈ ಚಾಚಿದ. ಬಸ್ಸೊಂದು ಕಿರುಗುಟ್ಟಿ ನಿಂತಿತು, ಹಿಂದಿನಿಂದ ಹಾರ್ನ್‌ಗಳು ಶುರುವಾದವು. ಕುರ್ಚಿಗಳು ಒಂದೊಂದಾಗಿ, ಅವಸರವಿಲ್ಲದೆ ದಾಟತೊಡಗಿದವು. ಬಸ್ಸಿನ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, ಇನ್ನೂ ಎಷ್ಟು ಜನ ಇದ್ದಾರೆ ಮಾರಾಯ ಎಂದು ಕೇಳಿದ.

ಕೋಚ್ ಸಾಲಿನ ಕಡೆ ನೋಡಿದ. ಮೊದಲಿನಿಂದ ಕೊನೆಯವರೆಗೆ ನೋಡಿದ.

"ಒಬ್ಬಳು ಕಡಿಮೆ" ಎಂದ.