ಸೇಂಟ್ ಪ್ಯಾಟ್ರಿಕ್‌ನಿಂದ ಬಂದ ಉತ್ತರ

ಪರದೇಶದ ಡ್ಯಾಂಡಿನಾಂಗ್ ಊರಿನ ವೃದ್ಧಾಶ್ರಮವೊಂದರಲ್ಲಿ ವಿಯೋಲಾ ನರ್ಸ್. ಅವಳು ನೋಡಿಕೊಳ್ಳುತ್ತಿದ್ದ ಆಕ್ಟೇವಿಯಾ ಎಂಬ ಮುದುಕಿ ಕೆರಿಬಿಯನ್ ಸಮುದ್ರದ ಡೊಮಿನಿಕಾ ದ್ವೀಪದವಳು. 2017ರ ಸೆಪ್ಟೆಂಬರಿನಲ್ಲಿ ಆ ದ್ವೀಪಕ್ಕೆ ಚಂಡಮಾರುತ ಬಡಿದು ಫೋನ್‌ಗಳೆಲ್ಲ ಸತ್ತುಹೋದವು.

ಮರುದಿನ ಬೆಳಿಗ್ಗೆ ವಿಯೋಲಾ ಚಹಾ ಒಯ್ದಾಗ ಮುದುಕಿ ಕಿಟಕಿಯತ್ತ ಮುಖಮಾಡಿ, "ಸೇಂಟ್ ಜಾನ್... ಸೇಂಟ್ ಪೀಟರ್... ಸೇಂಟ್ ಜೋಸೆಫ್..." ಎನ್ನುತ್ತಿದ್ದಳು. ಒಂದೊಂದು ಹೆಸರಿನ ನಂತರವೂ ಕಿವಿಗೊಟ್ಟು ಕಾಯುತ್ತಿದ್ದಳು. ಮಂಗಳೂರಿನ ಕ್ರೈಸ್ತ ಮನೆಯಲ್ಲಿ ಬೆಳೆದ ವಿಯೋಲಾ ಅದನ್ನು ಸಂತರ ಪ್ರಾರ್ಥನೆಯೆಂದು ತಿಳಿದು, "ನಮಗಾಗಿ ಪ್ರಾರ್ಥಿಸಿರಿ" ಎಂದು ದನಿಗೂಡಿಸಿದಳು.

"ಸಂತರಲ್ಲ ಮಗಳೇ, ಅವು ನಮ್ಮ ಜಿಲ್ಲೆಗಳು. ಹಿಂದೆ ಬಿರುಗಾಳಿ ನಿಂತ ಮೇಲೆ ರೇಡಿಯೋದಲ್ಲಿ ಹೀಗೇ ಒಂದೊಂದನ್ನೂ ಕರೀತಿದ್ರು. ಬದುಕುಳಿದವರು ಉತ್ತರ ಕೊಡ್ತಿದ್ರು."

"ಸೇಂಟ್ ಪ್ಯಾಟ್ರಿಕ್" ಎಂದು ಕಿಟಕಿಯತ್ತ ಬಾಗಿ ಕಿವಿಗೊಟ್ಟಳು. ಅಲ್ಲಿ ಅವಳ ತಂಗಿ ಐನಾ ಇದ್ದಳು.

"ಐನಾ ಮಾತಾಡಿದಳು. ತುಂಬಾ ಚಳಿಯಂತೆ," ಎಂದು ಆಕ್ಟೇವಿಯಾ ತನ್ನ ಹೊದಿಕೆ ತೆಗೆದು ಪಕ್ಕದ ಖಾಲಿ ಕುರ್ಚಿಗೆ ಹೊದಿಸಿದಳು.

ವಾರದ ಕೊನೆಗೆ ಐನಾಳ ಮಗ ಫೋನ್ ಮಾಡಿದ. ಹೊಳೆ ಮನೆಯನ್ನೇ ಕೊಚ್ಚಿಕೊಂಡು ಹೋಗಿತ್ತು. ಬಿರುಗಾಳಿಯ ರಾತ್ರಿಯೇ ತಾಯಿ ತೀರಿಕೊಂಡಿದ್ದಳು. ವಿಯೋಲಾ ಸುದ್ದಿ ಹೇಳಲು ಹೋದಾಗ ಮುದುಕಿ, "ಗೊತ್ತು. ಮೆಲ್ಲಗೆ ಮಾತಾಡು, ಈಗಷ್ಟೇ ಮಲಗಿದ್ದಾಳೆ" ಎಂದಳು.

ಸಂಜೆ ರೈಲಿನಲ್ಲಿ ವಿಯೋಲಾಳ ತುಟಿಗಳು ತಾವಾಗಿ ಮಂಗಳೂರಿನ ಊರುಕೇರಿಗಳ ಹೆಸರುಗಳನ್ನು ಹೇಳತೊಡಗಿದವು: ಬೆಂದೂರು, ಜೆಪ್ಪು, ಬೋಂದೆಲ್. ಅಕ್ಕ ಇದ್ದ ಕುಲಶೇಖರದ ಹೆಸರು ಬಾಯಿಗೆ ಬರುವಷ್ಟರಲ್ಲಿ ಹೆದರಿ ನಿಲ್ಲಿಸಿ, ಫೋನ್ ಮಾಡಿದಳು.

"ಎಂತ ವಿಯೋಲಾ?" ಎಂದಿತು ಅಕ್ಕನ ದನಿ.

"ಎಂತ ಇಲ್ಲ. ನೀನು ಸುಮ್ಮನೆ ಮಾತಾಡ್ತಾ ಇರು," ಎಂದು ವಿಯೋಲಾ ಕಣ್ಣು ಮುಚ್ಚಿದಳು.