ಕೊಸರಿಗೆ ಬಂದ ಸೌಟು

ನಾನು ಒಂದು ಸೌಟು. ಅದೂ ಸಣ್ಣ ಸೌಟು. ಕಂಚುಗಾರ ನನ್ನ ಅಣ್ಣನನ್ನು, ಎಂದರೆ ದೊಡ್ಡ ಸೌಟನ್ನು, ಮನಸ್ಸಿಟ್ಟು ಮಾಡಿದ. ಮಿಕ್ಕ ಹಿತ್ತಾಳೆ ಹಾಳಾಗಬಾರದೆಂದು ನನ್ನನ್ನು ಮಾಡಿದ. ಹಿಡಿಗೆ ಮೊಳೆ ಹೊಡೆಯುವ ಹೊತ್ತಿಗೆ ಅವನಿಗೆ ಹಸಿವಾಗಿತ್ತೋ ಏನೋ, ಹುಟ್ಟಿದಾಗಿನಿಂದಲೂ ನನ್ನ ಮೊಳೆ ಸಡಿಲ. ಬಗ್ಗಿಸಿದಾಗಲೆಲ್ಲ ‘ಟಕ್’ ಎನ್ನುತ್ತೇನೆ. ಅಂಗಡಿಯಲ್ಲಿ ನನ್ನನ್ನು ಕೇಳುವವರೇ ಇರಲಿಲ್ಲ. ಕೊನೆಗೆ ಮಗಳು ಚೌಡಮ್ಮನ ಮದುವೆಗೆ ಪಾತ್ರೆ ಕೊಳ್ಳಲು ಬಂದ ಹೆಂಗಸೊಬ್ಬಳು ಚೌಕಾಸಿ ಮಾಡಿ ಮಾಡಿ ಅಣ್ಣನನ್ನು ಕೊಂಡಳು, ನನ್ನನ್ನು ಕೊಸರಿಗೆ ಎತ್ತಿಕೊಂಡಳು.

ಚೌಡಮ್ಮನ ಗಂಡ ಮಲ್ಲೇಶಪ್ಪ ಬೇರೆಯವರ ಮಗ್ಗದಲ್ಲಿ ನೇಯುತ್ತಿದ್ದ. ಶನಿವಾರ ಬಟವಾಡೆ, ಭಾನುವಾರ ಸಂತೆ. ತಂದದ್ದು ಮುಂದಿನ ಸಂತೆಯವರೆಗೆ ಬರಬೇಕು. ಚೌಡಮ್ಮ ಚೀಲವನ್ನು ನೆಲಕ್ಕೆ ಸುರಿದು, ಗಲ್ಲಕ್ಕೆ ಕೈಕೊಟ್ಟು ಕೂತು ವಾರವನ್ನು ಹೊಂದಿಸುತ್ತಿದ್ದಳು. ಬೇಗ ಬಾಡುವ ಸೊಪ್ಪು ಅವತ್ತೇ ಸಾರಿಗೆ. ಮಾರನೇ ದಿನ ಬದನೆಕಾಯಿ. ಆಲೂಗಡ್ಡೆಗೆ ಅವಸರವಿಲ್ಲ, ಅದು ಮೂಲೆಯಲ್ಲಿ ಕಾಯಲಿ. ಶುಕ್ರವಾರ ಬರುವಷ್ಟರಲ್ಲಿ ಹುಣಸೆಹಣ್ಣು, ಒಣಮೆಣಸಿನಕಾಯಿ ಹಾಕಿ ಹೇಗೋ ಒಂದು ಸಾರು. ಇದು ಒಂದು ವಾರದ ಪಾಡಲ್ಲ, ಪ್ರತಿ ವಾರದ್ದು. ನೋಡಿ ನೋಡಿ ನನಗೇ ಸಾಕಾಗುತ್ತಿತ್ತು.

ಬುಧವಾರದವರೆಗೆ ಬಡಿಸುವ ಕೆಲಸ ಅಣ್ಣನದು, ಗುರುವಾರದಿಂದ ನನ್ನದು. ತಟ್ಟೆಗೆ ಎರಡು ಸೌಟು ತಪ್ಪಬಾರದು, ಸಾರೂ ಸಾಲಬೇಕು. ಅದಕ್ಕೆ ಅವಳು ಕಂಡುಕೊಂಡ ಉಪಾಯ ನಾನು. ಮಗಳು ನಾಗವೇಣಿ ತಟ್ಟೆಯನ್ನು ದಿಟ್ಟಿಸಿದರೆ, “ಎರಡು ಸೌಟು ಹಾಕಿದೀನಲ್ಲ, ಉಣ್ಣೇ” ಎನ್ನುತ್ತಿದ್ದಳು. ಮಗಳಿಗೆ ಕೊರತೆ ತಿಳಿಯಬಾರದು, ಗಂಡ ತನ್ನ ದುಡಿಮೆ ಸಾಲದೆಂದು ಕುಗ್ಗಬಾರದು. ಆ ಹಟ ಹೊತ್ತು ಹೊತ್ತು ಅವಳು ಹಣ್ಣಾಗಿದ್ದಳು.

ಒಂದು ಶುಕ್ರವಾರ ಊಟದ ಹೊತ್ತಿಗೆ ಮಲ್ಲೇಶಪ್ಪನ ತಂಗಿ ಗಂಗಮ್ಮ ಗಂಡನೊಡನೆ ಹೇಳದೆ ಕೇಳದೆ ಬಂದಳು. ಚೌಡಮ್ಮ ಒಂದು ಕೈಯಲ್ಲಿ ಅಣ್ಣನನ್ನೂ ಒಂದು ಕೈಯಲ್ಲಿ ನನ್ನನ್ನೂ ಹಿಡಿದು ಒಲೆಯ ಮುಂದೆ ನಿಂತೇ ಬಿಟ್ಟಳು. ನೆಂಟರಿಗೆ ನನ್ನಿಂದ ಬಡಿಸಿದರೆ ಮರ್ಯಾದೆ ಹೋಗುತ್ತದೆ. ಅಣ್ಣನಿಂದ ಬಡಿಸಿದರೆ ಮನೆಯವರಿಗೆ ಸಾಲುವುದಿಲ್ಲ.

ಗೋಡೆಗೊರಗಿ ಕೂತಿದ್ದ ಅತ್ತೆ ಬೋರಮ್ಮ, “ನಂಗಿವತ್ತು ಉಪವಾಸ ಕಣವ್ವ, ಅವ್ರಿಗೆ ಹಾಕು” ಎಂದಳು. ಕಣ್ಣು ಕಾಣದ ಆ ಮುದುಕಿ ಹುಟ್ಟಿದ ಮೇಲೆ ಉಪವಾಸ ಮಾಡಿದವಳಲ್ಲ.

“ಮಗ್ಗದ್ ಮನೇಲಿ ಯಾರೋ ಚಿತ್ರಾನ್ನ ಕೊಟ್ರು, ನಂಗೂ ಆಮೇಲೆ” ಎಂದ ಮಲ್ಲೇಶಪ್ಪ.

ನಾಗವೇಣಿ ತಟ್ಟೆ ಹಿಂದೆ ತಳ್ಳಿ, “ನಂಗೆ ಹೊಟ್ಟೆನೋವು” ಎಂದಳು. ಮುಖದಲ್ಲಿ ನೋವಿನ ಸುಳಿವೇ ಇರಲಿಲ್ಲ.

ಚೌಡಮ್ಮ ಅಣ್ಣನನ್ನು ಸಾರಿಗಿಳಿಸಿದಳು. ನೆಂಟರು ಬೆರಳು ಚೀಪಿಕೊಂಡು ಉಂಡರು. “ನಮ್ಮತ್ತಿಗೆ ಕೈ ಧಾರಾಳ” ಎಂದು ಗಂಗಮ್ಮ ಹೊಗಳಿ ಹೋದಳು.

ಮಿಕ್ಕ ಸಾರಿಗೆ ನೀರು ಬೆರೆಸಿ ಮೂವರಿಗೂ ಬಡಿಸಿದ ಮೇಲೆ ಚೌಡಮ್ಮ ಅತ್ತೆಯ ಪಕ್ಕ ಕೂತಳು. “ಯಾವಾಗಿಂದ ಗೊತ್ತಿತ್ತು, ಅತ್ತೆ?”

“ಕಣ್ಣು ಹೋದ್ರೂ ಕಿವಿ ನೆಟ್ಟಗೈತೆ ಚೌಡಿ. ಟಕ್ ಅಂದ್ರೆ ಗುರ್ವಾರ ಬಂತು ಅಂತ ಎಲ್ರಿಗೂ ಗೊತ್ತು. ನೀನ್ ನೊಂದ್ಕೋತೀಯ ಅಂತ ಯಾರೂ ಬಾಯ್ಬಿಡ್ಲಿಲ್ಲ.” ಮುದುಕಿ ಸೊಸೆಯ ಕೈ ತಡಕಿ ಹಿಡಿದುಕೊಂಡಳು. “ಒಂದು ಹೇಳು. ಭಾನ್ವಾರ ನಮ್ಗೆಲ್ಲ ದೊಡ್ಡದ್ರಲ್ಲಿ ಬಡಿಸ್ತೀಯ. ಎಲ್ರೂ ಉಂಡ ಮ್ಯಾಲೆ ಕೊನೇಗೊಂದು ಟಕ್ ಅಂತದಲ್ಲ, ಅದ್ಯಾರ ತಟ್ಟೆ?”

ಚೌಡಮ್ಮ ನನ್ನನ್ನು ತೊಳೆಯುವ ನೆಪದಲ್ಲಿ ಬಚ್ಚಲಿಗೆ ಹೋಗಿ ಅತ್ತಳು.

ಅಂದಿನಿಂದ ಅತ್ತೆ ಉಂಡ ಮೇಲೂ ಏಳುತ್ತಿರಲಿಲ್ಲ. ಸೊಸೆಯ ತಟ್ಟೆಗೆ ಬಡಿಸುವ ಸದ್ದಿಗೆ ಕಿವಿಕೊಟ್ಟು ಕೂತಿರುತ್ತಿದ್ದಳು. ಭಾನುವಾರ ನಾನು ಟಕ್ ಎಂದೆನೋ, ಬೈಗುಳ ಶುರು. ಬೈಸಿಕೊಂಡು ಚೌಡಮ್ಮ ಅಣ್ಣನನ್ನು ಎತ್ತಿಕೊಳ್ಳುತ್ತಿದ್ದಳು. ನನಗೂ ಅಷ್ಟು ಬಿಡುವು ಸಿಗುತ್ತಿತ್ತು.

ಬೋರಮ್ಮ ಹೋದಳು, ಚೌಡಮ್ಮನೂ ಹೋದಳು. ಈಗ ನಾನು ನಾಗವೇಣಿಯ ಮನೆಯಲ್ಲಿ ಬೇಳೆ ಡಬ್ಬದೊಳಗೆ ಇದ್ದೇನೆ. ಕಲಾಯಿ ಹೋಗಿದೆ, ಅಂಚು ಸವೆದಿದೆ. ಡಬ್ಬದಿಂದ ಬೇಳೆ ತೆಗೆಯುವುದಷ್ಟೇ ನನ್ನ ಕೆಲಸ, ಬಡಿಸುವುದು ಅಣ್ಣನೇ. ನಾಗವೇಣಿಯೂ ವಾರಕ್ಕೊಮ್ಮೆ ತರಕಾರಿ ಸುರಿದುಕೊಂಡು, ಗಲ್ಲಕ್ಕೆ ಕೈಕೊಟ್ಟು ಕೂರುತ್ತಾಳೆ. ಇನ್ನು ನನ್ನ ಪಾಡಿಗೆ ನಾನಿರಬಹುದು ಎಂದುಕೊಂಡಿದ್ದೆ.

ಮೊನ್ನೆ ಗಂಡ ಮಕ್ಕಳು ಉಂಡೆದ್ದ ಮೇಲೆ ಅವಳು ಪಾತ್ರೆಯೊಳಗೆ ಬಗ್ಗಿ ನೋಡಿದಳು. ಅಣ್ಣನನ್ನು ಪಕ್ಕಕ್ಕಿಟ್ಟಳು. ಡಬ್ಬದಿಂದ ನನ್ನನ್ನು ತೆಗೆದು, ಸೆರಗಿನಲ್ಲಿ ಒರೆಸಿ, ತನ್ನ ತಟ್ಟೆಗೆ ಬಡಿಸಿಕೊಂಡಳು. ಇದ್ದ ಶಕ್ತಿಯನ್ನೆಲ್ಲ ಕೂಡಿಸಿ ನಾನು ಟಕ್ ಎಂದೆ. ಹೊರಗೆ ಟಿ.ವಿ. ಹಾಕಿದ್ದರು. ಯಾರಿಗೂ ಕೇಳಿಸಲಿಲ್ಲ.